ಖಾಲಿಯೆಂದು ಕರೆದ ಹೊಲದಲ್ಲೊಂದು ದೀಪ

ಪೆಟ್ಟು ತಿಂದವರು ಯಾರೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮೆಲ್ಬರ್ನ್ ನಗರದ ಅಂಚಿನಲ್ಲಿ, ತಾವೇ ಕೊಂಡ ಹೊಲದಲ್ಲಿ, ಚಕ್ರದ ಮನೆಗಳಲ್ಲಿ ಬದುಕುತ್ತಿದ್ದ ಒಂದು ರೋಮಾನಿ ಕುಟುಂಬ ಇಂದು ನೆಲೆಯಿಲ್ಲದೆ ಸುತ್ತಮುತ್ತಲ ಊರುಗಳಲ್ಲೇ ಅಲೆಯುತ್ತಿದೆ. ತಾಯಿ ತೀರಿಕೊಂಡಾಗ ಅವರು ತಮ್ಮ ಪದ್ಧತಿಯಂತೆ ದುಃಖವನ್ನು ಆಚರಿಸಿದರು. ಅಲ್ಲಿನ ಕೌನ್ಸಿಲ್, ಎಂದರೆ ನಮ್ಮ ನಗರಸಭೆಯಂಥದು, ಆ ದುಃಖವನ್ನೇ ಅವರ ವಿರುದ್ಧದ ಸಾಕ್ಷ್ಯವಾಗಿ ಬಳಸಿತು. ನಿಯಮ ಬರೆದವರಿಗೆ ಏನೂ ಆಗಿಲ್ಲ. ದೂರು ಕೊಟ್ಟವರಿಗೂ ಏನೂ ಆಗಿಲ್ಲ. ದೂರು ಕೊಟ್ಟವರಲ್ಲಿ ನಮ್ಮ ಕನ್ನಡದವರೂ ಇದ್ದಾರೆ. ಆದ್ದರಿಂದ ಈ ಪ್ರವಾಸದ ಕಥೆಯನ್ನು ಕನ್ನಡದಲ್ಲೇ ಬರೆಯುವುದು ನನ್ನ ಕರ್ತವ್ಯವೆಂದು ತಿಳಿದಿದ್ದೇನೆ.

ನಾನು ಚಿತ್ರದುರ್ಗದ ಸುತ್ತಮುತ್ತ ಅಲೆಮಾರಿ ಕುಟುಂಬಗಳ ನಿವೇಶನದ ಹಕ್ಕಿಗಾಗಿ ಓಡಾಡುವವಳು. ಗೋಮಾಳದಲ್ಲಿ ಡೇರೆ ಹಾಕಿದವರನ್ನು ಎಬ್ಬಿಸಲು ಬರುವ ಜೀಪಿನ ಮುಂದೆ ನಿಲ್ಲುವುದು ನನ್ನ ಕೆಲಸದ ಒಂದು ಭಾಗ. ಉಳಿದದ್ದು ಕಚೇರಿಗಳ ಬೆಂಚಿನ ಮೇಲೆ ಕಾಯುವುದು. ನಾನು ಓದಿದ ಶಾಲೆಯಲ್ಲಿ ಗಂಟೆಯೂ ಇರಲಿಲ್ಲ, ಬೆತ್ತವೂ ಇರಲಿಲ್ಲ. ದಿನವೂ ಹೊಂಗೆಮರದ ಕೆಳಗೆ ದುಂಡಗೆ ಕುಳಿತು, ಹಿಂದಿನ ದಿನ ಕಣ್ಣಿಗೆ ಬಿದ್ದ ಅನ್ಯಾಯವೊಂದನ್ನು ಹೆಸರಿಟ್ಟು ಹೇಳಬೇಕಿತ್ತು. ಹೆಸರಿಡದ ತಪ್ಪು ಬೆಳೆಯುತ್ತದೆ ಎನ್ನುತ್ತಿದ್ದರು ನಮ್ಮ ಮೇಷ್ಟ್ರು. ಹೆಸರು ಹೇಳದಿರುವುದೂ ಒಂದು ಧರ್ಮವಾಗಿರಬಹುದೆಂದು ತಿಳಿಯಲು ನಾನು ಆಸ್ಟ್ರೇಲಿಯಾದವರೆಗೆ ಹೋಗಬೇಕಾಯಿತು.

ಸಿಡ್ನಿ, ವಿಮಾನ ನಿಲ್ದಾಣ

ಸಿಡ್ನಿಯ ಪ್ಯಾರಮಟ್ಟಾದಲ್ಲಿ ಅಲೆಮಾರಿ ಜನರ ಭೂಮಿಯ ಕುರಿತು ಒಂದು ಸಭೆಯಿತ್ತು. ಅಲ್ಲಿ ಕಾಣಿಕೆಯಾಗಿ ಕೊಡಲೆಂದು ಹಿರಿಯೂರಿನ ಕಡೆಯ ಹಿರಿಯರೊಬ್ಬರು ತಮ್ಮ ಹಳೆಯ ಬುಡುಬುಡಿಕೆಯನ್ನು ನನ್ನ ಕೈಗಿತ್ತಿದ್ದರು. ಅಂಗೈಯಗಲದ ವಾದ್ಯ, ಎರಡು ಬದಿಗೂ ಚರ್ಮ, ದಾರದ ತುದಿಗೆ ಗಂಟು. ಬೆಳಗಿನ ಜಾವದಲ್ಲಿ ಅದರ ಸದ್ದು ಕೇಳಿದರೆ ನಮ್ಮ ಊರುಗಳಲ್ಲಿ ಜನ ಹಾಸಿಗೆಯಲ್ಲೇ ಕಿವಿ ನಿಮಿರಿಸುತ್ತಾರೆ. ಹಾಲಕ್ಕಿ ನುಡಿಯುತೈತೆ ಎನ್ನುವ ದನಿ ಯಾರ ಬಾಗಿಲ ಮುಂದೆ ನಿಲ್ಲುತ್ತದೋ ಎಂದು.

ತಪಾಸಣೆಯ ಮೇಜಿನ ಹಿಂದಿದ್ದ ಅಧಿಕಾರಿ ಬಿಳಿ ಕೈಗವಸು ತೊಟ್ಟ ತರುಣಿ. ಬಹಳ ವಿನಯವಂತೆ. “ಇದರ ಚರ್ಮಕ್ಕೆ ಇನ್ನೂ ಕೂದಲಿದೆ. ಒಳಗೆ ಬಿಡಲಾಗುವುದಿಲ್ಲ” ಎಂದಳು. ಅದು ಏನು ಮಾಡುವ ವಸ್ತುವೆಂದು ಕೇಳಿದಳು.

“ಮುಂದೆ ಆಗುವುದನ್ನು ಹೇಳುತ್ತದೆ” ಎಂದೆ.

ಅವಳು ಅದನ್ನೆತ್ತಿ ಒಂದೇ ಒಂದು ಸಲ ಅಲ್ಲಾಡಿಸಿದಳು. ಸರತಿಯಲ್ಲಿದ್ದವರೆಲ್ಲ ಮಾತು ನಿಲ್ಲಿಸಿ ಇತ್ತ ತಿರುಗಿದರು. ಆ ಬೆಳ್ಳಗಿನ, ನೆರಳೇ ಬೀಳದ ಸಭಾಂಗಣದಲ್ಲಿ ಆ ಸದ್ದು ಎಷ್ಟು ಪರಕೀಯವಾಗಿತ್ತೆಂದರೆ, ಅದನ್ನು ತಂದವಳಾದ ನಾನೇ ಒಂದು ಹೆಜ್ಜೆ ಹಿಂದೆ ಸರಿದೆ.

“ಈಗ ಏನು ಹೇಳಿತು?” ಎಂದು ಕೇಳಿದಳು.

ಅದನ್ನು ತಿಳಿದು ಹೇಳುವ ವಿದ್ಯೆ ನನ್ನದಲ್ಲವೆಂದೆ. ಪಾರದರ್ಶಕ ಚೀಲದೊಳಗೆ ಅದು ಮುಚ್ಚಿಹೋಯಿತು. ಒಂದು ದೇಶ ತನ್ನ ಬೆಳೆಯನ್ನು ರೋಗದಿಂದ ಕಾಯುವುದು ತಪ್ಪೆನ್ನಲಾರೆ. ಆದರೆ ಬರಿಗೈಯಲ್ಲಿ ಹೊರಬಂದಾಗ, ಮುನ್ಸೂಚನೆಯನ್ನು ಗಡಿಯಲ್ಲೇ ಬಿಟ್ಟು ಒಳಬಂದಂತೆ ಅನ್ನಿಸಿದ್ದು ನಿಜ.

ಗಿರಾವೀನ್

ಸಿಡ್ನಿಯ ಗಿರಾವೀನ್ ಬಡಾವಣೆಯಲ್ಲಿ ನಾನು ಇಳಿದುಕೊಂಡದ್ದು ಅಕ್ಕನ ಮಗಳು ಶುಭಾಳ ಮನೆಯಲ್ಲಿ. ಗಿರಾವೀನ್ ಎಂದರೆ ಈ ನೆಲದ ಮೂಲನಿವಾಸಿಗಳ ಮಾತಿನಲ್ಲಿ ಹೂವಿರುವ ಜಾಗ ಎಂದು ಹೇಳುತ್ತಾರಂತೆ. ಅಂಗಡಿಬೀದಿಯಲ್ಲಿ ಕರಿಬೇವಿನಿಂದ ಹಿಡಿದು ಒಬ್ಬಟ್ಟಿನವರೆಗೆ ಎಲ್ಲವೂ ಸಿಗುತ್ತದೆ. ಹೂವಿನ ಹೆಸರಿಟ್ಟ ಜನ ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ಹೆಸರನ್ನು ಉಳಿಸಿಕೊಂಡು ಹೆಸರಿಟ್ಟವರನ್ನು ಕಳೆದುಹಾಕುವುದು ಒಂದು ಅನ್ಯಾಯ. ಅದನ್ನು ಇಲ್ಲಿ ದಾಖಲಿಸುತ್ತೇನೆ.

ಮರುದಿನ ಬೆಳಿಗ್ಗೆ ಎಂದಿನಂತೆ ನಡೆಯಲು ಹೊರಟೆ. ಅಂಗಡಿಗಳನ್ನು ದಾಟಿದರೆ ಬೀದಿಗಳಲ್ಲಿ ಜನವೇ ಇಲ್ಲ. ಹುಲ್ಲು ಕತ್ತರಿಸಿದೆ, ಕಾರು ನಿಂತಿದೆ, ಯಾರದೋ ಒಗೆದ ಬಟ್ಟೆ ಆಡುತ್ತಿದೆ. ಮನುಷ್ಯರು ಈಗಷ್ಟೇ ಎದ್ದು ಎಲ್ಲಿಗೋ ಹೋದಂತಿದೆ. ನಮ್ಮ ಕಡೆ ಹೊಸ ಬೀದಿಗೆ ಕಾಲಿಟ್ಟರೆ ಯಾರ ಮನೆಗೆ ಬಂದಿರಿ ಎಂದು ಜಗಲಿಯಿಂದ ಕೇಳುತ್ತಾರೆ. ಇಲ್ಲಿ ಒಂದು ಪರದೆ ಸರಿದಂತಾಯಿತು, ಮತ್ತೆ ನಿಶ್ಚಲವಾಯಿತು.

ಮಧ್ಯಾಹ್ನ ಶುಭಾ ತನ್ನ ಫೋನನ್ನು ನನ್ನ ಮುಂದೆ ಹಿಡಿದಳು. ಬಡಾವಣೆಯವರ ಫೋನಿನ ಗುಂಪಿನಲ್ಲಿ ಯಾರೋ ಒಂದು ಚಿತ್ರ ಹಾಕಿದ್ದರು: ಹತ್ತಿಸೀರೆಯುಟ್ಟ ಹೆಂಗಸೊಬ್ಬಳ ಬೆನ್ನು. ಮನೆಗಳೊಳಗೆ ಇಣುಕುತ್ತಾ ಅಡ್ಡಾಡುತ್ತಿದ್ದಾಳೆ, ಎಚ್ಚರವಿರಲಿ ಎಂಬ ಒಕ್ಕಣೆ.

“ಚಿಕ್ಕಮ್ಮ, ಇದು ನೀವೇ ಅಲ್ವಾ?”

“ಸೀರೆ ನನ್ನದೇ.”

“ಇಲ್ಲಿ ಯಾರೂ ಹಂಗೆ ಸುಮ್ನೆ ನಿಂತ್ಕೊಂಡು ನೋಡಲ್ಲ ಚಿಕ್ಕಮ್ಮ. ನಡೆಯೋದಾದ್ರೆ ಶೂ ಹಾಕ್ಕೊಂಡು ಜೋರಾಗಿ ನಡೀಬೇಕು. ಆಗ ಎಕ್ಸರ್‌ಸೈಜ್ ಅಂದ್ಕೋತಾರೆ.”

ಅವಳ ಗಂಡ ನಕ್ಕ. ನಾನೂ ನಕ್ಕೆ. ಆದರೆ ನಮ್ಮ ಬೆನ್ನನ್ನು ನಾವೇ ನೋಡುವುದು, ಅದೂ ಭಯಪಟ್ಟವರ ಕಣ್ಣಿನಿಂದ ನೋಡುವುದು, ವಿಚಿತ್ರವಾದ ಅನುಭವ. ಡೇರೆಗಳ ಜನ ದಿನನಿತ್ಯ ಹೊರುವ ನೋಟವದು. ನನಗೆ ಒಂದೇ ಬೆಳಿಗ್ಗೆಗೆ ಸಾಕಾಯಿತು.

ಪ್ಯಾರಮಟ್ಟಾ

ಸಭೆ ಗಾಜಿನ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿತ್ತು. ಇಲ್ಲಿ ಪ್ರತಿ ಸಭೆಯೂ, ಈ ನೆಲ ಮೂಲನಿವಾಸಿಗಳದ್ದು, ಅದನ್ನು ಅವರೆಂದೂ ಬಿಟ್ಟುಕೊಟ್ಟಿಲ್ಲ ಎಂಬ ಘೋಷಣೆಯಿಂದ ಆರಂಭವಾಗುತ್ತದೆ. ಎಲ್ಲರೂ ಕ್ಷಣಕಾಲ ತಲೆ ತಗ್ಗಿಸುತ್ತಾರೆ. ಆಮೇಲೆ ಕಾರ್ಯಸೂಚಿಯ ಎರಡನೆಯ ವಿಷಯಕ್ಕೆ ಹೋಗುತ್ತಾರೆ. ಮನೆಯ ನಿಜವಾದ ಯಜಮಾನರನ್ನು ಹೆಸರಿಸಿ ನಮಸ್ಕರಿಸಿ, ಅವರ ಹಾಸಿಗೆಯ ಮೇಲೆಯೇ ಕುಳಿತು ಮಾತು ಮುಂದುವರಿಸಿದಂತೆ ನನಗೆ ಕಂಡಿತು.

ಅಲ್ಲಿ ಡೀಲಿಯಾ ಪರಿಚಯವಾದಳು. ನಡುವಯಸ್ಸು, ಗಿಡ್ಡ ದೇಹ, ಕಿವಿಗೆ ಬಳೆಯಂಥ ಬಂಗಾರದ ರಿಂಗು. ರೋಮಾನಿಗಳೆಂದರೆ ಹೊರಗಿನವರು ಜಿಪ್ಸಿಗಳೆಂದು ಕರೆಯುವ ಜನ. ಶತಮಾನಗಳ ಹಿಂದೆ ನಮ್ಮ ಉಪಖಂಡದಿಂದಲೇ ಹೊರಟವರೆಂದು ಅವರ ಮಾತು ಬಲ್ಲವರು ಹೇಳುತ್ತಾರೆ. ಡೀಲಿಯಾಳ ಅಜ್ಜ ಇಂಗ್ಲೆಂಡಿನಿಂದ ಬಂದು ಮೆಲ್ಬರ್ನಿನ ಹೊರಗೆ ಒಂದು ಹೊಲ ಕೊಂಡಿದ್ದ. ಅಲ್ಲಿ ಕುಟುಂಬದ ಕ್ಯಾರವಾನುಗಳು, ಅಂದರೆ ಆ ಚಕ್ರದ ಮನೆಗಳು, ನಿಂತವು.

ನಗರ ಬೆಳೆಯುತ್ತಾ ಬಂದಾಗ ಸರ್ಕಾರ ಆ ಭಾಗವನ್ನು ಕಟ್ಟಡಗಳಿಲ್ಲದ ಬಯಲಾಗಿಯೇ ಉಳಿಸಬೇಕೆಂದು ಗುರುತಿಸಿತು. ಇಂಥ ಬಯಲಿಗೆ ಅವರು ಹಸಿರು ಬೆಣೆ ಎನ್ನುತ್ತಾರೆ. ಅಲ್ಲಿ ಹೊಸದಾಗಿ ಯಾರೂ ವಾಸಕ್ಕೆ ಬರುವಂತಿಲ್ಲ. ಮೊದಲಿನಿಂದ ಇದ್ದವರು ಮುಂದುವರಿಯಬಹುದು. ಆದರೆ ಕಾನೂನು ಹೇಳುವಷ್ಟು ಕಾಲ ಎಡೆಬಿಡದೆ ಜಾಗ ಬಿಟ್ಟಿದ್ದರೆ ಹಕ್ಕು ಸತ್ತುಹೋಗುತ್ತದೆ. ಬಯಲನ್ನು ಕಾಯುವುದು ಒಳ್ಳೆಯ ನೀತಿ. ನಮ್ಮ ಗೋಮಾಳಗಳಿಗೂ ಅಂಥ ಕಾವಲು ಬೇಕೆಂದು ನಾನೇ ಬರೆದಿದ್ದೇನೆ. ಆದರೆ ಬೆಣೆಯ ಗೆರೆ ಕಟ್ಟಡ ಕಟ್ಟುವವರು ಕೇಳಿದಾಗಲೆಲ್ಲ ಹಿಂದೆ ಸರಿದಿದೆ, ಕ್ಯಾರವಾನಿನವರ ಮುಂದೆ ಮಾತ್ರ ಗೋಡೆಯಾಗಿದೆ. ಈ ಅನ್ಯಾಯಕ್ಕೆ ಪಕ್ಷಪಾತ ಎಂದು ಹೆಸರು.

“ಅಮ್ಮ ತೀರಿಕೊಂಡಳು. ನಮ್ಮಲ್ಲಿ ಸತ್ತವರ ಕ್ಯಾರವಾನನ್ನು ಇಟ್ಟುಕೊಳ್ಳುವುದಿಲ್ಲ, ಸುಟ್ಟುಬಿಡುತ್ತೇವೆ. ಹಾಸಿಗೆ, ಕಪ್ಪು, ಬಸಿ ಎಲ್ಲವನ್ನೂ. ಮೈಲಿಗೆ ಕಳೆಯುವವರೆಗೆ ಆ ನೆಲದಲ್ಲಿ ಮಲಗುವುದಿಲ್ಲ” ಎಂದು ಡೀಲಿಯಾ ಹೇಳಿದಳು. “ಕಳೆಯಿತು ಎಂದು ಹಿರಿಯರು ಹೇಳಿ, ನಾವು ವಾಪಸು ಬಂದಾಗ ಕೌನ್ಸಿಲಿನವರು ನೀವು ಬಿಟ್ಟುಹೋಗಿದ್ದೀರಿ ಎಂದರು.”

“ನಿಮ್ಮ ಅಮ್ಮನ ಹೆಸರು?” ಎಂದು ನಾನು ಅಭ್ಯಾಸಬಲದಿಂದ ಪೆನ್ನು ತೆಗೆದೆ.

ಅವಳು ನನ್ನನ್ನು ದಿಟ್ಟಿಸಿದಳು. “ಹೋದವರ ಹೆಸರು ನಾವು ಎತ್ತುವುದಿಲ್ಲ. ಕರೆದರೆ ಅವರು ತಿರುಗಿ ನೋಡಬೇಕಾಗುತ್ತದೆ.”

ಪೆನ್ನಿಗೆ ಮುಚ್ಚಳ ಹಾಕಿದೆ. ಸಭೆಯ ಬಳಿಕ ನಾನು ಮೆಲ್ಬರ್ನಿಗೆ ಹೋಗುವವಳಿದ್ದೆ; ಅಲ್ಲಿ ಎಲ್ಲಿ ಇಳಿದುಕೊಳ್ಳುತ್ತೀಯೆಂದು ಅವಳು ಕೇಳಿದಳು. ಕ್ಲೈಡ್ ನಾರ್ತ್ ಎಂದೆ. ಅವಳು ಹೇಳಿದಳು: “ಹಾಗಾದರೆ ಕಿಟಕಿಯಿಂದ ನಮ್ಮ ಹೊಲ ಕಾಣಬಹುದು.”

ಕ್ಲೈಡ್ ನಾರ್ತ್

ಕಂಡಿತು. ನನ್ನ ಸಹೋದ್ಯೋಗಿಯ ತಂಗಿ ಸೌಮ್ಯ ಅಲ್ಲಿರುವಳು. ಧಾರವಾಡದವಳು, ಗಂಡ ಮಂಜು ಮೈಸೂರಿನವನು, ಐಟಿ ಕೆಲಸ, ಮಗಳು ಅನಘಾ ಪ್ರೈಮರಿ ಶಾಲೆಯಲ್ಲಿದ್ದಾಳೆ. ಬೀದಿಗಳೆಲ್ಲ ಈಗಷ್ಟೇ ಪೆಟ್ಟಿಗೆಯಿಂದ ತೆಗೆದಿಟ್ಟ ಹಾಗಿವೆ. ಮನೆಯಿಲ್ಲದ ಕಡೆಯೂ ಬೀದಿಯ ಹೆಸರಿನ ಕಂಬ ನಿಂತಿದೆ. ಇವರದು ಕೊನೆಯ ಸಾಲು. ಹಿಂದಿನ ಬೇಲಿಯಾಚೆ ನಗರ ಒಮ್ಮೆಲೇ ಮುಗಿದು, ಕಣ್ಣು ಹರಿಯುವಷ್ಟು ದೂರ ಒಣಹುಲ್ಲು.

ಬೇಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ಕಟ್ಟಿದ್ದನ್ನು ಕಂಡೆ. ಸಾಲಿನ ಇನ್ನೆರಡು ಮನೆಗಳ ಬೇಲಿಗಳಲ್ಲೂ ಇತ್ತು.

“ಅದು ಯಾಕೆ ಸೌಮ್ಯ?”

“ಸಂಜಿ ಆಗ್ಲಿ, ನೋಡ್ತೀರಿ ಅಕ್ಕಾರ” ಎಂದಳು.

ಸೂರ್ಯ ಮುಳುಗಿದ. ಸೌಮ್ಯ ದೇವರ ಮುಂದೆ ದೀಪ ಹಚ್ಚಿ ಬಂದು ನನ್ನ ಪಕ್ಕ ಕಿಟಕಿಯಲ್ಲಿ ನಿಂತಳು. ಹುಲ್ಲಿನ ನಡುವೆ, ಮನೆಯಿಲ್ಲದ, ಮರವಿಲ್ಲದ, ಯಾರೂ ಇಲ್ಲದ ಜಾಗದಲ್ಲಿ ಒಂದು ಬೆಳಕು ಮೂಡಿತು. ಹಳದಿ, ನೆಲಕ್ಕೆ ಹತ್ತಿರ. ಗಾಳಿ ಬೀಸುತ್ತಿತ್ತು, ಹುಲ್ಲು ಮಲಗಿ ಏಳುತ್ತಿತ್ತು, ಬೆಳಕು ಅಲ್ಲಾಡಲಿಲ್ಲ. ಆಗಲೇ ಆ ಸದ್ದು ಕೇಳಿದ್ದು. ಟಕಟಕ, ಟಕಟಕ. ಸಿಡ್ನಿಯ ಮೇಜಿನ ಮೇಲೆ ಬಿಟ್ಟುಬಂದ ಬುಡುಬುಡಿಕೆ ನನಗಿಂತ ಮೊದಲೇ ಬಂದು ಆ ಕತ್ತಲಲ್ಲಿ ಕುಳಿತಿದೆಯೆನ್ನಿಸಿ ಕಿಟಕಿಯ ಅಂಚನ್ನು ಹಿಡಿದುಕೊಂಡೆ.

“ದಿನಾನೂ ಇದೇ ಹೊತ್ತಿಗೆ” ಎಂದ ಮಂಜು, ಹಿಂದಿನಿಂದ. “ನಾವು ಇಲ್ಲಿಗೆ ಮೂವ್ ಆದಾಗಿಂದ. ಸ್ವಲ್ಪ ಹೊತ್ತು ಇರುತ್ತೆ, ಆಮೇಲೆ ಆರುತ್ತೆ. ಒಂದ್ಸಲ ನಾವು ಮೂರು ಜನ ಹೋಗ್ಬೇಕು ಅಂತ ಹೊರಟ್ವಿ. ಬೇಲಿ ತನಕ ಹೋಗಿ ವಾಪಸ್ ಬಂದ್ವಿ.”

“ಯಾಕ ಬಂದ್ರಿ, ಅದನ್ನೂ ಹೇಳ್ರಿ” ಎಂದಳು ಸೌಮ್ಯ.

“ಸುಮ್ನಿರೇ. ಡಿನ್ನರ್ ಟೈಮ್ ಆಗಿತ್ತು.”

ಅನಘಾ ಮೂಗನ್ನು ಗಾಜಿಗೆ ಒತ್ತಿಕೊಂಡಿದ್ದಳು. “ಇಟ್ಸ್ ನಾಟ್ ಸ್ಕೇರಿ, ಆಂಟಿ. ಐ ಸೇ ಗುಡ್‌ನೈಟ್ ಟು ಇಟ್.”

ಮಂಜು ಆ ಬೆಳಕಿನ ಚಿತ್ರಗಳನ್ನು ತೆಗೆದು ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕುತ್ತಾ ಬಂದಿದ್ದ. ಮೊದಲು ದೆವ್ವದ ತಮಾಷೆ ನಡೆಯಿತು. ಒಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆಯಾಯಿತು. ಕೊನೆಗೆ ಯಾರೋ ಬೆಂಕಿಯ ಅಪಾಯ ಎಂಬ ಮಾತು ತೆಗೆದರು. ಆ ಮಾತಿಗೆ ಎಲ್ಲರೂ ಒಪ್ಪಿದರು. ಕಳೆದ ವಾರ ಎಲ್ಲರ ಪರವಾಗಿ ಮಂಜು ಕೌನ್ಸಿಲಿಗೆ ದೂರು ಬರೆದಿದ್ದ.

ಹೊಲ

ಮರುದಿನ ಬೆಳಿಗ್ಗೆ ಇಬ್ಬನಿ ಕವಿದಿತ್ತು. ಒಬ್ಬಳೇ ನಡೆದೆ, ಈ ಸಲ ಶೂ ಹಾಕಿಕೊಂಡು. ಹೊಲದ ಬಾಗಿಲ ಬಳಿ ಒಂದು ಫಲಕವಿತ್ತು. ಈ ಭೂಮಿಯಲ್ಲಿ ವಾಸ ನಿಷಿದ್ಧವೆಂಬ ಕೌನ್ಸಿಲಿನ ಪ್ರಕಟಣೆ. ಅದರ ಒಂದು ಮೂಲೆಯ ಮೊಳೆ ಸಡಿಲಗೊಂಡು, ಗಾಳಿ ಬಂದಾಗಲೆಲ್ಲ ಕಂಬಕ್ಕೆ ಬಡಿಯುತ್ತಿತ್ತು. ಟಕಟಕ, ಟಕಟಕ. ಸದ್ದಿನ ಮೂಲ ತಿಳಿದ ಮೇಲೂ ಭಯ ಹೋಗಲಿಲ್ಲ. ಅದಕ್ಕೊಂದು ವಿಳಾಸ ಸಿಕ್ಕಿತು, ಅಷ್ಟೆ.

ಒಳಗೆ ಹುಲ್ಲಿನ ಮೇಲೆ ಉದ್ದುದ್ದನೆಯ ಮಾಸಲು ಚೌಕಗಳು. ಕ್ಯಾರವಾನುಗಳು ನಿಂತಿದ್ದ ಜಾಗಗಳು. ಮನೆ ಹೋದಮೇಲೂ ಮನೆಯ ನೆರಳು ನೆಲದಲ್ಲಿ ಉಳಿದಿತ್ತು. ಪ್ರತಿಯೊಂದರ ಬಾಗಿಲಿದ್ದ ಬದಿಯಲ್ಲಿ ಮಣ್ಣು ಸವೆದು ತಗ್ಗಾಗಿತ್ತು; ಎಷ್ಟು ಕಾಲುಗಳು ಇಳಿದಿದ್ದವೋ. ಒಂದು ಚೌಕ ಮಾತ್ರ ಕಡುಹಸಿರು. ಬೂದಿ ಬಿದ್ದ ನೆಲದಲ್ಲಿ ಹುಲ್ಲು ಹೀಗೆ ಕೊಬ್ಬಿ ಬೆಳೆಯುತ್ತದೆ. ಅದರ ಒಂದು ತುದಿಯಲ್ಲಿ ಹುಲ್ಲು ಕೆತ್ತಿ ಬರಿಯ ಮಣ್ಣು ಮಾಡಿದ್ದರು. ನಡುವೆ ಗಾಜಿನ ಕಂದೀಲು, ಸುತ್ತ ಕಲ್ಲು, ಪಕ್ಕದಲ್ಲಿ ನೀರು ತುಂಬಿದ ಬಕೆಟ್ಟು.

ಇಬ್ಬನಿಯೊಳಗಿಂದ ಒಬ್ಬ ಮನುಷ್ಯ ಎದ್ದು ಬಂದ. ಅಗಲವಾದ ಹ್ಯಾಟು, ಕುಂಟುವ ಕಾಲು. ಡೀಲಿಯಾಳ ಅಣ್ಣ ನೋಹ. ಡೀಲಿಯಾ ಫೋನಿನಲ್ಲಿ ನನ್ನ ವಿಷಯ ಹೇಳಿದ್ದಳಂತೆ. ಹೊಲದ ನಲ್ಲಿ ತಿರುಗಿಸಿ, ಲೋಟ ತೊಳೆದು ನೀರು ಹಿಡಿದುಕೊಟ್ಟು “ಪಾನಿ” ಎಂದ. ಆ ಮಾತನ್ನು ಎಷ್ಟು ದೂರ, ಎಷ್ಟು ದೇಶಗಳ ಮೇಲೆ ಹೊತ್ತು ತಂದಿದ್ದಾರೆಂದು ಯೋಚಿಸುತ್ತಾ ಕುಡಿದೆ.

“ದೀಪ ಹಚ್ಚುವವರು ನೀವೇ?”

“ನಾನು, ಇಲ್ಲವೇ ಡೀಲಿಯಾ. ಅಮ್ಮ ಹೋದಾಗಿನಿಂದ ಒಂದು ದಿನವೂ ಬಿಟ್ಟಿಲ್ಲ. ಮೊದಲು ಮೈಲಿಗೆ, ಈಗ ಕೌನ್ಸಿಲು; ಇಲ್ಲಿ ಮಲಗುವಂತಿಲ್ಲ. ಆದರೆ ಅವಳನ್ನು ಕತ್ತಲಲ್ಲಿ ಬಿಡಬಾರದು.”

“ಇದನ್ನು ಕೌನ್ಸಿಲಿಗೆ ಹೇಳಿದ್ದೀರಾ?”

ಆತ ಹಸಿರು ಚೌಕದ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. “ಇದು ಅವಳ ವಿಷಯ. ಸತ್ತವರ ದೀಪವನ್ನು ತಂದು ಕಚೇರಿಯ ಮೇಜಿನ ಮೇಲಿಡುವುದು ಹೇಗೆ? ನಮ್ಮವರು ಹಾಗೆ ಮಾಡುವುದಿಲ್ಲ.”

ನನಗೆ ಆ ಕ್ಷಣಕ್ಕೆ ಎಲ್ಲವೂ ಸ್ಪಷ್ಟವಾಯಿತು. ಜಾಗ ಬಿಟ್ಟುಹೋದರೆಂಬ ಆರೋಪಕ್ಕೆ ಉತ್ತರ ಆ ದೀಪವೇ. ಉತ್ತರ ಇದ್ದವರು ಬಾಯಿಬಿಡಲಾರರು. ಅದನ್ನು ದಿನವೂ ಕಂಡವರು ಬೇಲಿಯ ಈಚೆಗೆ, ನಿಂಬೆಹಣ್ಣು ಕಟ್ಟಿಕೊಂಡು, ಕಿಟಕಿಯ ಹಿಂದೆ ನಿಂತಿದ್ದರು.

ಸೌಮ್ಯಳ ಅಡುಗೆಮನೆ

ಅಂದು ಮಧ್ಯಾಹ್ನ, ಸಿಡ್ನಿಯಿಂದ ಮರಳಿದ್ದ ಡೀಲಿಯಾಳನ್ನು ಸೌಮ್ಯಳ ಮನೆಗೆ ಕರೆತಂದೆ. ಚಹಾ ಕುಡಿದಾದ ಮೇಲೆ ಡೀಲಿಯಾ ತನ್ನ ಕಪ್ಪನ್ನು ತಾನೇ ತೊಳೆಯಲು ಎದ್ದಳು. ಸಿಂಕಿನಲ್ಲಿ ಅನಘಾಳ ಕಾಲುಚೀಲ ನೆನೆಹಾಕಿತ್ತು. ಅವಳು ಹಿಂದೆ ಸರಿದು, ಬೇರೆ ಬೋಗುಣಿ ಇದೆಯೇ ಎಂದು ಸಂಕೋಚದಿಂದ ಕೇಳಿದಳು. ಮೈಗೆ ಮುಟ್ಟುವ ಬಟ್ಟೆಯ ನೀರೂ ಬಾಯಿಗೆ ಮುಟ್ಟುವ ಪಾತ್ರೆಯ ನೀರೂ ಅವರಲ್ಲಿ ಕೂಡುವಂತಿಲ್ಲ.

“ಅಯ್ಯ, ನಮ್ಮಮ್ಮ ಥೇಟ್ ಹಿಂಗ ಬೈತಿದ್ಳು ನೋಡ್ರಿ ಅಕ್ಕಾರ” ಎಂದು ಸೌಮ್ಯ ನಕ್ಕು, ಸ್ಟೀಲಿನ ಬೋಗುಣಿ ತೆಗೆದುಕೊಟ್ಟಳು. ಮಡಿಮೈಲಿಗೆಯ ಹೆಸರಿನಲ್ಲಿ ನಮ್ಮ ನೆಲದಲ್ಲಿ ಯಾರಿಗೆ ಯಾರು ಏನು ಮಾಡಿದರೆಂಬುದನ್ನು ಬಲ್ಲ ನನಗೆ ಸುಲಭವಾಗಿ ನಗು ಬರಲಿಲ್ಲ. ಆದರೆ ಕೊಳಕರೆಂದು ಎಲ್ಲರಿಂದ ಅನ್ನಿಸಿಕೊಂಡ ಹೆಂಗಸು ಅಷ್ಟು ಚೊಕ್ಕವಾಗಿ ಕಪ್ಪು ತೊಳೆಯುವುದನ್ನು ನಾವಿಬ್ಬರೂ ಸುಮ್ಮನೆ ನೋಡುತ್ತಾ ನಿಂತೆವು.

ಸಂಜೆ ಮಂಜು ಬಂದಾಗ ವಿಷಯ ಹೇಳಿದೆ. ಎರಡು ದಿನದಲ್ಲಿ ಆ ಹೊಲದ ಹಕ್ಕಿನ ಕುರಿತು ಕೌನ್ಸಿಲ್ ಸಭೆ. ದೀಪ ಕಂಡವರು ಅಲ್ಲಿ ಬಂದು ಕಂಡೆವೆಂದು ಹೇಳಬೇಕು.

“ಅಕ್ಕ, ನಂಗೂ ಪಾಪ ಅನ್ಸುತ್ತೆ. ಆದ್ರೆ ಇಲ್ಲಿ ಮಾರ್ಟ್‌ಗೇಜ್ ತಗೊಂಡಿರೋದು ನಾನು. ಹಿಂದೆ ಕ್ಯಾರವಾನ್ ನಿಂತ್ರೆ ಮನೆ ಯಾರು ತಗೋತಾರೆ ಅಂತ ಗ್ರೂಪಲ್ಲಿ ಕೇಳ್ತಾರೆ. ಅದೂ ಅಲ್ದೆ ಅವರು ಬಿಟ್ಟು ಹೋಗಿದ್ದು ನಿಜಾನೇ ಅಲ್ವಾ?”

ಸೌಮ್ಯ ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿದಳು. “ನಿಮ್ಮಜ್ಜ ಹೋದಾಗ ಮೈಸೂರಿನ ಮನಿಗೆ ಬೀಗಾ ಹಾಕ್ಕೊಂಡು ಎಲ್ಲಾರೂ ಬಾಡಿಗಿ ಮನ್ಯಾಗ ಇದ್ರಿ. ತಿಂಗಳಾನುಗಟ್ಟಲೆ.”

“ಅದು ನಕ್ಷತ್ರ ಸರಿ ಇರ್ಲಿಲ್ಲ ಕಣೇ. ಮನೆ ಬಿಡ್ಲೇಬೇಕಿತ್ತು. ಅದು ಬೇರೆ.”

“ವಾಟ್ಸ್ ನಕ್ಷತ್ರ, ಅಪ್ಪ?” ಎಂದಳು ಅನಘಾ.

“ಆಮೇಲೆ ಹೇಳ್ತೀನಿ ಪುಟ್ಟ.”

“ಈಗ ಹೇಳ್ರಿ” ಎಂದಳು ಸೌಮ್ಯ. “ಅಜ್ಜನ್ನ ಮಲಗಿಸಿದ್ದ ಜಾಗದಾಗ ದೀಪಾ ಇಟ್ಟಿದ್ರಲ್ಲ, ಅದನ್ನೂ ಹೇಳ್ರಿ. ಆವಾಗ ಕಾರ್ಪೊರೇಷನ್ನಿನವ್ರು ಬಂದು, ನೀವು ಮನಿ ಬಿಟ್ಟೀರಿ, ಇನ್ನ ಇದು ನಿಮ್ದಲ್ಲ ಅಂದಿದ್ರ ನಿಮ್ಮಪ್ಪಾರು ಸುಮ್ನ ಇರ್ತಿದ್ರೇನು?”

ದುಃಖಕ್ಕಾಗಿ ಮನೆ ಬಿಡುವುದು ನಮ್ಮವರು ಮಾಡಿದರೆ ಶಾಸ್ತ್ರ, ಕ್ಯಾರವಾನಿನವರು ಮಾಡಿದರೆ ಪರಿತ್ಯಾಗ. ಈ ಅನ್ಯಾಯಕ್ಕೆ ನನ್ನ ಬಳಿ ಹೆಸರಿಲ್ಲ, ತೀರಾ ಹಳೆಯದು.

ಕತ್ತಲಾಗುತ್ತಿತ್ತು. ಸೌಮ್ಯ ದೇವರಿಗೆ ದೀಪ ಹಚ್ಚಿ ಬಂದಳು. ಅನಘಾ ಎಂದಿನಂತೆ ಗಾಜಿಗೆ ಮೂಗು ಒತ್ತಿ ನಿಂತಳು. ಬಹಳ ಹೊತ್ತು ನಿಂತಳು.

“ಇಟ್ಸ್ ನಾಟ್ ದೇರ್” ಎಂದಳು.

ನಾವೆಲ್ಲ ಕಿಟಕಿಗೆ ಹೋದೆವು. ಹೊಲ ಒಂದೇ ಸಮನೆ ಕಪ್ಪಾಗಿತ್ತು. ಫಲಕದ ಸದ್ದು ಮಾತ್ರ ಬರುತ್ತಿತ್ತು. ಅಷ್ಟು ದಿನ ಬೆಳಕಿಗೆ ಹೆದರಿದ್ದವರು ಈಗ ಒಬ್ಬರಿಗೊಬ್ಬರು ತಾಕುವಷ್ಟು ಹತ್ತಿರ ನಿಂತು ಕತ್ತಲನ್ನು ನೋಡುತ್ತಿದ್ದರು. ಪಕ್ಕದ ಮನೆಯ ಹಿಂಬಾಗಿಲು ತೆರೆಯಿತು, ಅದರಾಚೆಯದೂ ತೆರೆಯಿತು. ಮಂಜುವಿನ ಫೋನು ಮೇಲಿಂದ ಮೇಲೆ ಮಿಣುಕಿತು. ಗುಂಪಿನಲ್ಲಿ ಎಲ್ಲರದೂ ಒಂದೇ ಪ್ರಶ್ನೆ: ಇವತ್ತು ಯಾಕೆ ಇಲ್ಲ?

ಬೆಳಿಗ್ಗೆ ತಿಳಿಯಿತು. ದೂರನ್ನು ಆಧರಿಸಿ ಕೌನ್ಸಿಲ್ ಆ ನೆಲದಲ್ಲಿ ಯಾವ ಬೆಂಕಿಯನ್ನೂ ಹಚ್ಚಬಾರದೆಂದು ನೋಟಿಸು ಕೊಟ್ಟಿತ್ತು. ಗಾಡಿಗಳು ಒಳಹೋಗದಂತೆ ರಸ್ತೆಯಂಚಿನಲ್ಲಿ ಕಾಂಕ್ರೀಟಿನ ದಿಮ್ಮಿಗಳನ್ನು ಇಳಿಸಿತ್ತು. ಆ ದೇಶದಲ್ಲಿ ಕಾಳ್ಗಿಚ್ಚಿನ ಭಯ ಸುಳ್ಳಲ್ಲ, ಒಪ್ಪುತ್ತೇನೆ. ಆದರೆ ಗಾಜಿನೊಳಗಿನ, ಬರಿಮಣ್ಣಿನ ನಡುವಿನ, ನೀರಿನ ಪಕ್ಕದ ಕುಡಿಯೊಂದಕ್ಕೆ ನೋಟಿಸು ಬಂತು. ಅದೇ ಒಣಹುಲ್ಲಿನ ಅಂಚಿನಲ್ಲಿ ವಾರಾಂತ್ಯದಲ್ಲಿ ಮಾಂಸ ಸುಡುವ ಬಡಾವಣೆಯ ಒಲೆಗಳಲ್ಲಿ ಒಂದಕ್ಕೂ ಬರಲಿಲ್ಲ.

ಕೌನ್ಸಿಲ್ ಸಭೆ

ಸಭೆ ಈ ನೆಲದ ಮೂಲ ಒಡೆಯರಿಗೆ ನಮಸ್ಕಾರ ಹೇಳಿ ಆರಂಭವಾಯಿತು. ಡೀಲಿಯಾಳ ಸರದಿ ಬಂದಾಗ ಅಧ್ಯಕ್ಷರು ಸೌಜನ್ಯದಿಂದಲೇ ಕೇಳಿದರು: ಜಾಗ ಖಾಲಿಯಾದದ್ದು ಒಂದು ಮರಣದ ಕಾರಣದಿಂದ ಎನ್ನುತ್ತೀರಿ, ನಡಾವಳಿಗೆ ಬೇಕು, ಮೃತರ ಹೆಸರೇನು?

ಡೀಲಿಯಾ ಬಾಯಿ ತೆರೆಯಲಿಲ್ಲ. ನೋಹ ಹ್ಯಾಟು ತೆಗೆದು ಎದೆಗೆ ಹಿಡಿದುಕೊಂಡ. ಅಧ್ಯಕ್ಷರು ಮತ್ತೆ ಕೇಳಿದರು. ಹಿಂದೆ ಯಾರೋ ಬಂದು ನಿಂತಂತಾಗಿ ಒಂದಿಬ್ಬರು ಸದಸ್ಯರು ಬಾಗಿಲ ಕಡೆ ತಿರುಗಿದ್ದನ್ನು ನಾನು ಕಣ್ಣಾರೆ ಕಂಡೆ. ಅಲ್ಲಿ ಯಾರೂ ಇರಲಿಲ್ಲ. ಉತ್ತರ ಬಂದಿಲ್ಲವೆಂದು ಬರೆದುಕೊಳ್ಳಿ ಎಂದರು ಅಧ್ಯಕ್ಷರು.

ಆಗ ಸೌಮ್ಯ ಎದ್ದಳು.

“ನೀವು ಸಂಬಂಧಿಕರೇ?” ಎಂದರು ಅಧ್ಯಕ್ಷರು.

“ಅಲ್ಲ. ಅವರ ಬೇಲಿಯ ಈಚೆಯವಳು.” ಅವಳ ಇಂಗ್ಲಿಷಿನಲ್ಲಿ ಧಾರವಾಡ ಹಾಗೇ ಇತ್ತು. “ನಾನು ದಿನವೂ ಮುಸ್ಸಂಜೆ ಮನೆಯಲ್ಲಿ ದೀಪ ಹಚ್ಚುತ್ತೇನೆ. ಹಚ್ಚಿ ಕಿಟಕಿಗೆ ಬಂದರೆ ಅವರದೂ ಹತ್ತಿರುತ್ತದೆ. ಮೈ ಸರಿಯಿಲ್ಲದ ದಿನ ನನ್ನ ಗಂಡ ಹಚ್ಚುತ್ತಾರೆ. ನಮ್ಮ ಮನೆಯ ದೀಪ ತಪ್ಪಿಲ್ಲ. ಆದ್ದರಿಂದ ಅವರದೂ ತಪ್ಪಿಲ್ಲವೆಂದು ನನಗೆ ಗೊತ್ತು. ನಿಮ್ಮ ನೋಟಿಸು ಬಂದ ಸಂಜೆಯವರೆಗೆ.”

ಕೌನ್ಸಿಲಿನ ವಕೀಲರು ಎದ್ದು, ಇದು ಒಬ್ಬರ ಅಭಿಪ್ರಾಯ ಮಾತ್ರವೆಂದರು. ಇದನ್ನು ಕಂಡವರು ಬೇರೆ ಯಾರಾದರೂ ಇದ್ದಾರೆಯೇ?

ಕೊನೆಯ ಸಾಲಿನಲ್ಲಿ, ಆಫೀಸಿನಿಂದ ತಡವಾಗಿ ಬಂದು ಕುಳಿತಿದ್ದ ಮಂಜು ಅರ್ಧ ಕೈಯೆತ್ತಿದ. ಆಮೇಲೆ ಪೂರ್ತಿ ಎತ್ತಿದ.

“ದೂರು ಕೊಟ್ಟವನು ನಾನೇ. ದೂರಿನಲ್ಲಿ ದಿನವೂ ಎಂದು ಬರೆದಿದ್ದೇನೆ. ದಿನವೂ ಎಂಬುದನ್ನು ನಂಬಿಯೇ ನೀವು ನೋಟಿಸು ಕೊಟ್ಟಿರಿ.” ವಕೀಲರತ್ತ ತಿರುಗಿದ. “ಅವರು ದಿನವೂ ಇದ್ದರು ಎಂದಾದರೆ, ಬಿಟ್ಟುಹೋದದ್ದು ಯಾವಾಗ?”

ವಕೀಲರು ಕುಳಿತರು. ತೀರ್ಮಾನವನ್ನು ಮುಂದಿನ ಸಭೆಗೆ ಮುಂದೂಡಲಾಯಿತು. ಹೊರಗೆ ಬಂದಾಗ ಮಂಜು ಹೆಂಡತಿಯ ಮುಖ ನೋಡದೆ ಕಾರಿನ ಬೀಗದಕೈ ಹುಡುಕುತ್ತಿದ್ದ. “ಗ್ರೂಪಿಂದ ತೆಗೀತಾರೆ ನನ್ನ” ಎಂದ.

“ತೆಗೀಲಿ ಬಿಡ್ರಿ” ಎಂದಳು ಸೌಮ್ಯ. “ಫೋನಿಗೂ ಚೂರು ಆರಾಮ.”

ಬೇಲಿ

ಹೊರಡುವ ಹಿಂದಿನ ಸಂಜೆ ಕಿಟಕಿಯಲ್ಲಿ ನಿಂತೆ. ಹೊಲ ಕತ್ತಲಾಗಿಯೇ ಇತ್ತು. ಸೌಮ್ಯ ನಿಂಬೆಹಣ್ಣಿನ ಸರವನ್ನು ಕತ್ತರಿಸಿ ತೆಗೆದಿದ್ದಳು. ಅದನ್ನು ಕಟ್ಟಿದ್ದ ಮೊಳೆಗೆ ಒಂದು ಗಾಜಿನ ದೀಪ ತೂಗುಹಾಕಿ, ಹೊಲದ ಕಡೆಗೆ ಮುಖಮಾಡಿ ಹಚ್ಚಿದಳು. ನೋಟಿಸು ಬೇಲಿಯ ಆಚೆಗಷ್ಟೇ ಅನ್ವಯಿಸುತ್ತದೆ. ಸ್ವಲ್ಪ ಹೊತ್ತಿಗೆ ಸಾಲಿನ ಇನ್ನೊಂದು ಬೇಲಿಯಲ್ಲೂ ಬೆಳಕು ಮೂಡಿತು. ಹೊಲದ ಆ ತುದಿಯಲ್ಲಿ, ದಿಮ್ಮಿಗಳ ಮಗ್ಗುಲಲ್ಲಿ, ಹ್ಯಾಟು ತೊಟ್ಟ ಆಕೃತಿಯೊಂದು ನಿಂತು ಇತ್ತಲೇ ನೋಡುತ್ತಿತ್ತು. ಅನಘಾ ಗುಡ್‌ನೈಟ್ ಎಂದಳು. ಯಾರಿಗೆಂದು ನಾನು ಕೇಳಲಿಲ್ಲ.

ಆ ಕೌನ್ಸಿಲಿನ ಅಧ್ಯಕ್ಷರಿಗೂ ಸದಸ್ಯರಿಗೂ ಯೋಜನಾಧಿಕಾರಿಗಳಿಗೂ ನಾನು ಕೇಳುವುದು ಇಷ್ಟು. ಮುಂದಿನ ಸಭೆಯೊಳಗೆ ಆ ಕಾಂಕ್ರೀಟಿನ ದಿಮ್ಮಿಗಳನ್ನು ಎತ್ತಿಸಿ. ಗಾಜಿನೊಳಗಿನ ದೀಪಕ್ಕೆ ಕೊಟ್ಟ ನೋಟಿಸನ್ನು ಹಿಂತೆಗೆದುಕೊಳ್ಳಿ. ಸೌಮ್ಯ ಮತ್ತು ಮಂಜು ಆಡಿದ ಮಾತನ್ನು ಸಾಕ್ಷ್ಯವೆಂದು ದಾಖಲಿಸಿ, ಆ ಕುಟುಂಬ ತನ್ನ ನೆಲವನ್ನು ಎಂದೂ ತೊರೆದಿಲ್ಲವೆಂದು ತೀರ್ಮಾನಿಸಿ, ಅವರ ಕ್ಯಾರವಾನುಗಳನ್ನು ಒಳಗೆ ಬಿಡಿ. ಸಾವಿಗಾಗಿ ಜಾಗ ಬಿಟ್ಟಿದ್ದ ಕಾಲವನ್ನು ಗೈರುಹಾಜರಿಯೆಂದು ಎಣಿಸಬಾರದೆಂಬ ಒಂದು ಸಾಲನ್ನು ನಿಮ್ಮ ನಿಯಮಕ್ಕೆ ಸೇರಿಸಿ. ಬೇಲಿಯಂಚಿನ ಆ ಮನೆಸಾಲಿನ ಕನ್ನಡಿಗರೇ, ನಿಮ್ಮ ಕಿಟಕಿಯಿಂದ ಕಂಡದ್ದನ್ನು ನೀವೂ ಹೋಗಿ ಹೇಳಿ.

ನಡಾವಳಿಯಲ್ಲಿ ಉತ್ತರ ಬಂದಿಲ್ಲವೆಂದು ಬರೆದಿರುವ ಮಾತನ್ನು ಹೊಡೆದುಹಾಕಿ. ಆ ತಾಯಿಯ ಹೆಸರಿನ ಜಾಗವನ್ನು ಖಾಲಿಯಾಗಿಯೇ ಬಿಡಿ. ಹೊಲವನ್ನು ಖಾಲಿಯೆನ್ನಬೇಡಿ.